ಜೋಡಿ ರಾಶಿ ನಿಂತ ಸುಗ್ಗಿ

ಕಳೆದ ತಿಂಗಳು ತಂಗಿಯ ಮನೆಗೆಂದು ಗುಡಗೇರಿಗೆ ಹೋಗಿದ್ದೆ. ಸ್ಟೇಷನ್ನಿನಿಂದ ನಡೆಯುತ್ತಾ ಮೆಣಸಿನಕಾಯಿ ಕಂಪನಿಯ ಖರೀದಿ ಯಾರ್ಡಿನ ಗೋಡೆಯ ಬಾಜು ಬಂದಾಗ ಸೀನು ಬಂತು. ಒಂದಲ್ಲ, ನಾಲ್ಕು. ಕಣ್ಣಲ್ಲಿ ನೀರು ಇಳಿಯಿತು. ಒಣಮೆಣಸಿನಕಾಯಿಯ ಘಾಟು ಹೊಸಬರಿಗೆ ಹಾಗೆ ಹತ್ತುತ್ತದೆ. ಇಪ್ಪತ್ತಾರು ವರ್ಷ ನಾನು ಆ ಘಾಟಿನ ನಡುವೆಯೇ ರೊಟ್ಟಿ ತಿಂದವನು. ಬ್ಯಾಂಕಿನ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಒಳಗೆ ಬಂದರೆ ಹಮಾಲರ ಜೊತೆ ಸೇರಿ ನಗುತ್ತಿದ್ದವನು. ಎರಡು ವರ್ಷ ಅಣ್ಣಿಗೇರಿಯ ಹತ್ತಿ ಮಿಲ್ಲಿನ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆದಿದ್ದಕ್ಕೆ ನನ್ನ ಮೂಗೂ ಬ್ಯಾಂಕಿನವರ ಮೂಗಾಗಿತ್ತು. ಗೋಡೆಗೆ ಕೈಯೂರಿ ನಿಂತೆ. ನಿಂತಲ್ಲೇ ಆ ಒಂದು ಸುಗ್ಗಿ ನೆನಪಾಯಿತು. ಅದನ್ನು ಬರೆದಿಡಬೇಕೆಂದು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೆ.

ನನ್ನ ಶಾಲೆ ಆರನೇ ಇಯತ್ತೆಗೆ ಮುಗಿಯಿತು. ಸೋದರಮಾವ ನನ್ನನ್ನು ಮೆಣಸಿನಕಾಯಿ ಪೇಟೆಗೆ ಕರೆದೊಯ್ದು ಕೈಗೆ ವಿದ್ಯೆ ಕಲಿಸಿದ. ಚೀಲದ ಬಾಯಲ್ಲಿರುವ ಕಾಯಿಯನ್ನು ನಂಬಬಾರದು ಎನ್ನುವುದು ಅವನ ಮೊದಲ ಪಾಠ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯಬೇಕು. ಬಾಗಿಸಿದರೆ ಚರ್ಮದ ಹಾಗೆ ಬಾಗಿತೋ, ಅದಕ್ಕೆ ಒಂದು ಬಿಸಿಲು ಕಡಿಮೆ. ಪಟ್ಟನೆ ಮುರಿಯಿತೋ, ಬಿಸಿಲು ಹೆಚ್ಚಾಗಿ ಬಣ್ಣ ಹಾರಿದೆ. ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸಪ್ಪಳ ಕೇಳಬೇಕು, ಸೀಳಿ ಅಂಗೈಗೆ ತಿಕ್ಕಿ ಬಣ್ಣ ನೋಡಬೇಕು, ಮೂಸಿ ಬೂಷ್ಟಿನ ವಾಸನೆ ಹಿಡಿಯಬೇಕು. ಊರಮಂದಿ ನನ್ನನ್ನು ಕಾಯಿ ನೋಡೋ ದಾವಲಸಾಬ ಎಂದೇ ಕರೆಯುತ್ತಿದ್ದರು. ಕಂಪನಿ ಬಂದು ಗುಡಗೇರಿಯಲ್ಲಿ ಯಾರ್ಡ್ ತೆರೆದಾಗ ತೇವಾಂಶದ ಮೀಟರ್ ತಂದಿತು. ಆದರೆ ಮೀಟರ್ ಸರಿಯಿದೆಯೋ ಇಲ್ಲವೋ ಎಂದು ನನ್ನ ಕೈಯ ಅಂದಾಜಿಗೆ ಹೋಲಿಸಿ ನೋಡುತ್ತಿದ್ದರು. ಈ ಮಾತು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಯಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ನಾವು ಅದನ್ನು ಜೋಡಿ ರಾಶಿ ಎನ್ನುತ್ತಿದ್ದೆವು. ದೊಡ್ಡ ರೈತನ ನಲವತ್ತು ಚೀಲದ ಒಳ್ಳೆಯ ಮಾಲು ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಬಿದ್ದಿರುತ್ತದೆ. ಅದೇ ಹೊತ್ತಿಗೆ ಮೂರೋ ನಾಲ್ಕೋ ಚೀಲ ತಂದ ಸಣ್ಣವರ ಮಾಲು ಗುಣದಲ್ಲಿ ಸ್ವಲ್ಪ ಕಡಿಮೆ ಬಿದ್ದಿರುತ್ತದೆ. ಬರೀ ಅದನ್ನೇ ನೋಡಿದರೆ ವಾಪಸ್ ಕಳಿಸಬೇಕು. ಆಗ ನಾನು ದೊಡ್ಡ ರೈತನಿಗೆ, ಜಾಗ ಸಾಲುವುದಿಲ್ಲ, ಇವರದನ್ನೂ ನಿಮ್ಮ ಮಗ್ಗುಲಿಗೇ ಸುರಿಯಲೇ ಎಂದು ಕೇಳುತ್ತಿದ್ದೆ. ಜಾಗ ಎಷ್ಟು ಬೇಕಾದರೂ ಇರುತ್ತಿತ್ತು. ಅವನಿಗೂ ಅದು ಗೊತ್ತು. ಸುರೀರಿ ಎನ್ನುತ್ತಿದ್ದ. ತೂಕ ಬೇರೆ ಬೇರೆ, ದರ್ಜೆ ಎರಡಕ್ಕೂ ಒಂದೇ. ನಲವತ್ತು ಚೀಲದ ಒಳ್ಳೆಯತನ ನಾಲ್ಕು ಚೀಲದ ಕೊರತೆಯನ್ನು ನುಂಗುತ್ತಿತ್ತು. ಕಂಪನಿ ಆ ಕಾಯಿಯನ್ನೆಲ್ಲ ಒಟ್ಟಿಗೇ ಅರೆದು ಬಣ್ಣ ತೆಗೆಯುವುದರಿಂದ ಯಾರಿಗೂ ನಷ್ಟವಾಗಿದ್ದು ನಾನು ಕಾಣೆ. ಯಾರ್ಡಿನ ಸಾಹೇಬರಾದ ಹಿರೇಮಠರು ಎಷ್ಟೋ ಸಲ ಅಲ್ಲೇ ನಿಂತು ನೋಡಿ ಅತ್ತ ಮುಖ ತಿರುಗಿಸಿ ಹೋಗಿದ್ದರು. ಸಣ್ಣ ರೈತನಿಗೆ ಮಾತ್ರ ನಿನ್ನ ಮಾಲು ಕಡಿಮೆಯಿತ್ತು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳದಿರುವುದೂ ಪದ್ಧತಿಯ ಭಾಗವೇ.

ಹಾಗೆ ಎಂಟು ವರ್ಷ ಪಾರಾಗುತ್ತಾ ಬಂದವಳು ಶಾಂತವ್ವ. ಮೂರು ಮೈಲಿ ಆಚೆಯ ಊರಿನವಳು, ಒಂದೂವರೆ ಎಕರೆ ಎರೆ ಹೊಲ ಅವಳ ಹೆಸರಿನಲ್ಲಿದೆ. ಅವಳ ಮಾವನಿಗೆ ಸರ್ಕಾರ ಕೊಟ್ಟ ಹೊಲ ಅದು, ಊರಿನ ನೀರೆಲ್ಲ ಹರಿದು ಬರುವ ತಗ್ಗಿನಲ್ಲಿದೆ. ಇಬ್ಬನಿ ಹತ್ತು ಗಂಟೆಯಾದರೂ ಏಳುವುದಿಲ್ಲ. ಅದಕ್ಕೇ ಅವಳ ಕಾಯಿಗೆ ಯಾವಾಗಲೂ ಒಂದು ಬಿಸಿಲು ಕಡಿಮೆ, ಮೈಮೇಲೆ ಬಿಳಿ ಮಚ್ಚೆ. ಅವಳ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಅವಳ ಹೊಲದ ಸುತ್ತಲಿನ ಹೊಲಗಳೆಲ್ಲ ನಿಂಗನಗೌಡರವು. ಆ ತುಂಡನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡು ಎಂದು ಗೌಡರು ವರ್ಷ ವರ್ಷ ಕೇಳುತ್ತಿದ್ದರು. ಶಾಂತವ್ವ ಒಲ್ಲೆ ಎನ್ನುತ್ತಿದ್ದಳು. ಕಂಪನಿಯ ಖರೀದಿ ಚೀಟಿಯಲ್ಲಿ ರೈತರ ಹೆಸರು ಎಂಬಲ್ಲಿ ಅವಳ ಹೆಸರು ಅಚ್ಚಾಗಿ ಬರುತ್ತಿತ್ತು. ಅದನ್ನು ಮನೆಯಲ್ಲಿ ಬುದ್ಧನ ಚಿತ್ರದ ಹಿಂದೆ ಸಿಕ್ಕಿಸಿ ಇಡುತ್ತಿದ್ದಳು. ಆ ಚೀಟಿ ಬರುತ್ತಿರುವವರೆಗೆ ನಾನು ಯಾರ ಹೊಲಕ್ಕೂ ಕೂಲಿಗೆ ಹೋಗುವುದಿಲ್ಲ ಎಂದು ಒಮ್ಮೆ ನನಗೇ ಹೇಳಿದ್ದಳು. ಗೌಡರ ರಾಶಿಯ ಮಗ್ಗುಲಿಗೇ, ಒಂದೇ ತಾಡಪತ್ರಿಯ ಮೇಲೆ, ಅವಳ ನಾಲ್ಕು ಚೀಲ ಸುರಿಸುವಾಗ ನನಗೂ ಒಳಗೊಳಗೇ ಒಂದು ಖುಷಿ ಇರುತ್ತಿತ್ತು.

ಆ ವರ್ಷ ಎಳ್ಳಮವಾಸ್ಯೆಗೆ ಇನ್ನೂ ಎರಡು ವಾರ ಇತ್ತು. ಚಳಿ ಜೋರಾಗಿತ್ತು, ಹೊಲಗಳಲ್ಲಿ ಎರಡನೇ ಬಿಡಿಸುವಿಕೆ ನಡೆದಿತ್ತು. ಹಿರೇಮಠ ಸಾಹೇಬರು ನಮ್ಮನ್ನೆಲ್ಲ ಶೆಡ್ಡಿನಲ್ಲಿ ಕೂರಿಸಿ, ಕಂಪನಿಯ ಎಲ್ಲ ಯಾರ್ಡುಗಳಲ್ಲಿ ಎಐ ಏಜೆಂಟ್ ಕೂರಿಸುತ್ತಾರೆ ಎಂದು ಹೇಳಿದರು. ಒಂದು ಏಜೆಂಟ್ ಕಾಯಿ ನೋಡುತ್ತದೆ, ಒಂದು ರೈತರಿಗೆ ಫೋನ್ ಮಾಡುತ್ತದೆ, ಒಂದು ಲಾರಿ ಕರೆಸುತ್ತದೆ, ನಾಲ್ಕನೆಯದು ಈ ಮೂರನ್ನೂ ನೋಡಿಕೊಂಡು ಮೇಲಿನ ಆಫೀಸಿಗೆ ವರದಿ ಬರೆಯುತ್ತದೆ. ಹಮಾಲ ಯಲ್ಲಪ್ಪ ಎದ್ದು ನಿಂತು ಕೇಳಿದ: “ನಾಕ ಮಂದಿ ಏಜೆಂಟರು ಅಂದ್ರ ಅವ್ರಿಗೆ ಉಣ್ಣಾಕ, ಮಲಗಾಕ ಎಲ್ಲಿ ವ್ಯವಸ್ಥಾ ಮಾಡೀರ್ರಿ ಸಾಹೇಬ್ರ? ನಮ್ಮ ಖೋಲಿ ಒಳಗ ಜಾಗಾ ಇಲ್ಲ ಮತ್ತ.” ಸಾಹೇಬರೂ ನಕ್ಕರು. ಅವರು ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ ಎಂದರು. ಆಮೇಲೆ ಯಾರೂ ಅಷ್ಟು ನಗಲಿಲ್ಲ.

ಮರುದಿನ ಕಾವ್ಯಾ ಮೇಡಂ ಬಂದರು. ಮೈಸೂರು ಕಡೆಯ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಮೊದಲ ದಿನ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು, ಆದರೂ ಸಂಜೆಯವರೆಗೆ ಎದ್ದು ಹೋಗಲಿಲ್ಲ. ಏಜೆಂಟಿಗೆ ಕಾಯಿ ನೋಡಲು ಕಲಿಸುವುದು ಅವರ ಕೆಲಸ, ಅವರಿಗೆ ಕಲಿಸುವುದು ನನ್ನದು. ತಾಡಪತ್ರಿಯ ಮೇಲೊಂದು ಕ್ಯಾಮೆರಾ, ನನ್ನ ಅಂಗಿಯ ಕಾಲರಿಗೊಂದು ಸಣ್ಣ ಮೈಕು. ಪ್ರತಿ ರಾಶಿಗೂ ನಾನು ದರ್ಜೆ ಹೇಳಬೇಕು, ಯಾಕೆ ಎಂದೂ ಹೇಳಬೇಕು.

ಇಪ್ಪತ್ತಾರು ವರ್ಷದಲ್ಲಿ ಯಾರೂ ನನ್ನನ್ನು ಯಾಕೆ ಎಂದು ಕೇಳಿರಲಿಲ್ಲ. ಆ ಮೇಡಂ ಕೇಳಿದರು. ಸರ್ ಎಂದು ಕರೆದು ಕೇಳಿದರು. ನಾನು ಹೇಳಿದ ಮಾತನ್ನು ಸಂಜೆ ಓದಿ ತೋರಿಸುತ್ತಿದ್ದರು: ಬಾಗಿದರೆ ಹೀಗೆ, ಮುರಿದರೆ ಹೀಗೆ, ತೊಟ್ಟಿನ ಬುಡ ಕಪ್ಪಾಗಿದ್ದರೆ ಹೀಗೆ. ನನ್ನ ಬಾಯಿಂದ ಬಂದ ಮಾತು ಸಾಲು ಸಾಲಾಗಿ ಕೂತಿದ್ದನ್ನು ನೋಡಿ ಎದೆ ಉಬ್ಬುತ್ತಿತ್ತು. ಪೇಟೆಯಲ್ಲಿ ಚಹಾ ಕುಡಿಯುವಾಗ ಬೇಕೆಂದೇ ಮೈಕು ತೆಗೆಯದೆ ಹೋಗಿದ್ದೂ ಉಂಟು.

ಮನೆಯಲ್ಲಿ ನನ್ನ ಹೆಂಡತಿ ಹಸೀನಾ ರೊಟ್ಟಿ ಬಡಿಯುತ್ತಾ ಉರ್ದುವಿನಲ್ಲಿ ಕೇಳಿದಳು, ನಿನ್ನ ಕೈಯಲ್ಲಿರುವುದನ್ನೆಲ್ಲ ತೆಗೆದುಕೊಂಡ ಮೇಲೆ ನಿನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು. ಕೈಯನ್ನು ಯಾರು ಒಯ್ಯುತ್ತಾರೆ ಎಂದೆ. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ನನ್ನ ಸ್ವಭಾವ ಅವಳಿಗೆ ಗೊತ್ತು.

ಜನವರಿಯ ಎರಡನೇ ವಾರ ನಿಂಗನಗೌಡರ ಮಾಲು ಬಿದ್ದಿತ್ತು. ಅದೇ ದಿನ ಒಬ್ಬ ಮುದುಕ ಮೂರು ಚೀಲ ತಂದ. ಅಭ್ಯಾಸಬಲದಿಂದ ಗೌಡರನ್ನು ಕೇಳಿ, ಮಗ್ಗುಲಿಗೇ ಸುರಿಸಿ, ಎರಡಕ್ಕೂ ಮೊದಲನೇ ದರ್ಜೆ ಎಂದೆ. ಕಾವ್ಯಾ ಮೇಡಂ ಪರದೆ ನೋಡಿ ನನ್ನ ಕಡೆ ತಿರುಗಿದರು.

“ಸರ್, ಈ ಮೂಲೆಯಲ್ಲಿರೋದು ಎರಡನೇ ದರ್ಜೆಗಿಂತ ಕೆಳಗೆ ಅಂತ ಬರ್ತಿದೆ. ನೀವು ಮೊದಲನೇದು ಅಂದ್ರಿ. ಯಾಕೆ ಸರ್?”

ಆ ಯಾಕೆಗೆ ಉತ್ತರ ನನ್ನ ಬಾಯಲ್ಲೇ ಇತ್ತು. ಹಮಾಲರು ನಿಂತಿದ್ದರು, ಗೌಡರು ನಿಂತಿದ್ದರು, ಮುದುಕ ಎರಡು ಮಾರು ದೂರದಲ್ಲಿದ್ದ. ಅವನ ಎದುರಿಗೆ ಹೇಳುವ ಮಾತಲ್ಲ ಅದು. ಆದರೆ ನಿಜವಾದ ಕಾರಣ ಅದಲ್ಲ. ಮೇಡಂ ಆಮೇಲೆ ಒಬ್ಬರೇ ಸಿಕ್ಕಾಗಲೂ ಹೇಳಬಹುದಿತ್ತು. ಬಂದು ಒಂದು ತಿಂಗಳಾಗದ ಮಶೀನು, ಇಷ್ಟು ಜನರ ಮುಂದೆ ದಾವಲಸಾಬ ತಪ್ಪು ನೋಡಿದ ಎಂದು ತೋರಿಸಿತಲ್ಲ ಎನ್ನುವುದೇ ನನ್ನನ್ನು ಚುಚ್ಚಿತು. ಸುರಿಯುವಾಗ ಹಮಾಲರು ತಪ್ಪಿ ಕೂಡಿಸಿದರು ಮೇಡಂ, ಅದನ್ನು ಬೇರೆ ಮಾಡಿ ವಾಪಸ್ ಕಳಿಸಿ ಎಂದೆ. ಯಲ್ಲಪ್ಪ ನನ್ನ ಮುಖವನ್ನೇ ನೋಡಿದ. ನಾನು ಅವನನ್ನು ನೋಡಲಿಲ್ಲ. ಮುದುಕ ಚೀಲ ಹೊರಿಸಿಕೊಂಡು ಹೋದ.

ಅಲ್ಲಿಂದ ಮುಂದೆ ನಾನು ಒಂದು ಉಪಾಯ ಮಾಡಿದೆ. ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ ಮೈಕು ತೆಗೆದಿಟ್ಟು, ಕ್ಯಾಮೆರಾ ಇಲ್ಲದ ಮೂಡಣ ಶೆಡ್ಡಿನಲ್ಲಿ ಜೋಡಿ ರಾಶಿ ಮಾಡುವುದು. ಸಣ್ಣ ರೈತರಿಗೆ ಒಂದರ ಮೇಲೆ ಬರ್ರಿ ಎಂದು ಹೇಳಿಕಳಿಸುತ್ತಿದ್ದೆ. ಬೆಳಿಗ್ಗೆ ಕ್ಯಾಮೆರಾದ ಕೆಳಗೆ ಮಾತ್ರ ನನ್ನಷ್ಟು ಬಿಗಿ ಮನುಷ್ಯ ಯಾರೂ ಇರಲಿಲ್ಲ. ಕೂದಲೆಳೆಯಷ್ಟು ಕಡಿಮೆಯಿದ್ದರೂ ವಾಪಸ್. ಶಾಂತವ್ವನ ಆ ಸುಗ್ಗಿಯ ಮೊದಲ ಎರಡು ಚೀಲ ಹೀಗೆ ಮಧ್ಯಾಹ್ನದಲ್ಲೇ ಹೋದವು. ಮಶೀನಿನ ಮಾತಿಗೂ ನನ್ನ ಮಾತಿಗೂ ವ್ಯತ್ಯಾಸವೇ ಇಲ್ಲದಂತಾಯಿತು ಎಂದು ಮೇಲಿನ ಆಫೀಸಿನಿಂದ ಹೊಗಳಿಕೆ ಬಂತು. ಹಿರೇಮಠರು ಅದನ್ನು ಎಲ್ಲರ ಮುಂದೆ ಓದಿದರು. ನಾನು ತಲೆಯೆತ್ತಿ ಕೂತು ಕೇಳಿದೆ.

ಫೆಬ್ರುವರಿ ಹಿಡಿಯುತ್ತಲೇ ಬಿಸಿಲು ಬಲಿಯಿತು. ನನ್ನ ಕೈಗೆ ಒಂದು ಟ್ಯಾಬ್ ಕೊಟ್ಟರು. ಇನ್ನು ಮೇಲೆ ದರ್ಜೆಯನ್ನು ಏಜೆಂಟೇ ಹೇಳುತ್ತದೆ, ನಾನು ನೋಡಿ ಒಪ್ಪಿಗೆ ಎಂಬಲ್ಲಿ ಒತ್ತಬೇಕು, ತಪ್ಪಿದ್ದರೆ ತಿದ್ದಬೇಕು; ಕ್ಯಾಮೆರಾ ಇಲ್ಲದ ಮೂಡಣ ಶೆಡ್ಡಿನ ದರ್ಜೆ ಮಾತ್ರ ಇನ್ನೂ ನನ್ನದೇ. ಮೊದಲ ವಾರ ಪ್ರತಿ ರಾಶಿಗೂ ಎದ್ದು ಹೋಗಿ, ಕೈ ಇಳಿಸಿ ನೋಡಿ ಒತ್ತಿದೆ. ಅದು ತಪ್ಪುತ್ತಲೇ ಇರಲಿಲ್ಲ. ಎರಡನೇ ವಾರ ಕೂತಲ್ಲಿಂದಲೇ ನೋಡಿ ಒತ್ತಿದೆ. ಆಮೇಲೆ ಚಹಾ ಕುಡಿಯುತ್ತಾ, ಮಾತಾಡುತ್ತಾ ಒತ್ತುತ್ತಿದ್ದೆ. ಎದುರಿಗೆ ಬರುತ್ತಿದ್ದುದು ನನ್ನದೇ ಮಾತು, ನನ್ನದೇ ಕಣ್ಣು. ನನ್ನನ್ನು ನಾನೇ ಒಪ್ಪುವುದಕ್ಕೆ ಏನು ತೊಂದರೆ?

ಅದೇ ತಿಂಗಳ ಕೊನೆಗೆ ಫೋನಿನ ಏಜೆಂಟ್ ಶುರುವಾಯಿತು. ಅದು ಬಂದ ಮೇಲೆ ಯಾರ್ಡಿನ ಚಹರೆಯೇ ಬದಲಾಯಿತು. ರೈತರು ತಮ್ಮೂರ ಹಾಲಿನ ಡೇರಿಯಲ್ಲಿಟ್ಟ ಪೆಟ್ಟಿಗೆಗೆ ಒಂದು ಪೊಟ್ಟಣ ಕಾಯಿ ಹಾಕಿ, ಕಣದ ಮೇಲಿನ ರಾಶಿಯ ಫೋಟೊ ಕಳಿಸಬೇಕು. ಎರಡು ದಿನದಲ್ಲಿ ಫೋನ್ ಬರುತ್ತದೆ. ಪಾಸಾದವರಿಗೆ ದಿನ, ಗಂಟೆ, ಟೋಕನ್. ಆಗದವರು ಯಾರ್ಡಿಗೆ ಬರುವುದೇ ಬೇಡ. ಸಂತೆಯ ಹಾಗೆ ಗದ್ದಲವಿರುತ್ತಿದ್ದ ಜಾಗದಲ್ಲಿ ಗಂಟೆಗೊಂದು ಟ್ರ್ಯಾಕ್ಟರ್ ಬಂದು, ಸುರಿದು, ಹೋಗತೊಡಗಿತು. ಮಧ್ಯಾಹ್ನ ಮೂಡಣ ಶೆಡ್ಡಿಗೆ ಹೋಗಿ ನೋಡಿದೆ. ಜೋಡಿ ಮಾಡಲು ಅಲ್ಲಿ ಎರಡು ರಾಶಿಗಳೇ ಇರಲಿಲ್ಲ. ಕಡಿಮೆ ಬಿದ್ದ ಮಾಲು ಅದರ ಊರಲ್ಲೇ ನಿಂತುಹೋಗಿತ್ತು. ಇಷ್ಟು ಸರಳವಾದ ವಿಷಯ ನನ್ನ ತಲೆಗೆ ಮೊದಲು ಹೊಳೆದಿರಲಿಲ್ಲ. ದೊಡ್ಡವರೂ ಸಣ್ಣವರೂ ಒಂದೇ ಹೊತ್ತಿಗೆ ಒಂದೇ ಕಡೆ ಬಂದರೆ ತಾನೇ ಒಬ್ಬರ ಮಗ್ಗುಲಿಗೆ ಇನ್ನೊಬ್ಬರದನ್ನು ಸುರಿಯುವುದು.

ಮಾರ್ಚ್ ಮೊದಲ ವಾರ ಗೇಟಿನವನು ಬಂದು, ಯಾರೋ ಹೆಣ್ಣುಮಗಳು ಟೋಕನ್ ಇಲ್ಲದೆ ಚೀಲ ಇಳಿಸಿ ಕೂತಿದ್ದಾಳೆ, ಏಳವಲ್ಲಳು ಎಂದ. ಹೋಗಿ ನೋಡಿದರೆ ಶಾಂತವ್ವ. ಗೇಟಿನ ಹೊರಗೆ ನಾಲ್ಕು ಚೀಲದ ಮೇಲೆ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಿದ್ದಳು. ಬಿಸಿಲು ಉರಿಯುತ್ತಿತ್ತು. ಎರಡು ಸಲ ಫೋನ್ ಬಂದಿತ್ತಂತೆ. ಮೊದಲ ಸಲ ಇನ್ನೊಂದು ಬಿಸಿಲು ಕೊಡಲು ಹೇಳಿತಂತೆ, ಕೊಟ್ಟಳು. ಎರಡನೇ ಸಲ ಬಿಳಿ ಮಚ್ಚೆ ಹೆಚ್ಚಾಗಿವೆ, ಈ ಸುಗ್ಗಿಗೆ ಆಗುವುದಿಲ್ಲ ಎಂದಿತಂತೆ.

“ದಾವಲಣ್ಣ, ಫೋನಿನ್ಯಾಗ ನೀನ ಮಾತಾಡಿದಿ,” ಅಂದಳು.

“ನಾ ಅಲ್ಲವ್ವ. ಅದು ಮಶೀನು. ಧ್ವನಿ ಸೈತ ಹೆಣ್ಮಗಳದು ಐತಿ.”

“ಧ್ವನಿ ಯಾರದರ ಇರಲಿ. ಕಾಯಿ ಬಾಗ್ತಾವು, ಮುರಿಯೂದಿಲ್ಲ, ಇನ್ನೊಂದ ಬಿಸಲು ಕೊಡ್ರಿ ಅಂತ ಈ ಸೀಮ್ಯಾಗ ಯಾರ ಅಂತಾರ? ನಿನ್ನ ಮಾತು ನನಗ ಗುರ್ತ ಸಿಗೂದಿಲ್ಲೇನು?” ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಿದಳು. “ಎಂಟ ವರ್ಷ ನಿನ್ನ ಕೈಯಾಗ ಇವು ಚಲೋ ಇದ್ವು. ಈಗ ಏನ ಪಾಪ ಮಾಡ್ಯಾವು?”

ಕೈಯಲ್ಲಿದ್ದ ಕಾಯಿ ಹೇಗಿದೆಯೆಂದು ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ಎಂಟು ವರ್ಷ ಇದ್ದ ಹಾಗೇ ಇದ್ದವು. ಚೀಟಿಗಳನ್ನು ಬುದ್ಧನ ಹಿಂದೆ ಸಿಕ್ಕಿಸಿಟ್ಟವಳಿಗೆ, ಅವು ಗೌಡರ ರಾಶಿಯ ಪುಣ್ಯದಿಂದ ಬಂದವು ಎಂದು ಹೇಗೆ ಹೇಳುವುದು? ಇಲ್ಲೇ ಕೂತಿರು, ಒಳಗೆ ಮಾತಾಡಿ ಬರುತ್ತೇನೆ ಎಂದೆ. ಗೌಡರ ಮಂದಿ ನಿನ್ನೆಯೇ ಬಂದು ಹೋದರು, ಈ ಸಲವಾದರೂ ಹೊಲ ಕೊಡ್ತಿಯಾ ಎಂದು ಕೇಳಿದರು ಎಂದಳು.

ಆಫೀಸಿನಲ್ಲಿ ಹಿರೇಮಠರೂ ಕಾವ್ಯಾ ಮೇಡಂ ಅವರೂ ಇದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಜೋಡಿ ರಾಶಿ ಎಂದರೇನು, ಯಾವಾಗಿನಿಂದ ಇದೆ, ಜನವರಿಯ ಆ ದಿನ ನಾನು ಯಾಕೆ ಸುಳ್ಳು ಹೇಳಿದೆ, ಮಧ್ಯಾಹ್ನ ಮೂಡಣ ಶೆಡ್ಡಿನಲ್ಲಿ ಏನು ನಡೆಯುತ್ತಿತ್ತು. ಮಶೀನು ಕಲಿತದ್ದು ನನ್ನ ಅರ್ಧ ಕೆಲಸ, ಇನ್ನರ್ಧವನ್ನು ನಾನೇ ಮುಚ್ಚಿಟ್ಟೆ, ಈಗ ಅದನ್ನೂ ಕಲಿಸಿರಿ ಎಂದೆ. ಹೇಳುವಾಗ ಸಾಹೇಬರ ಕಡೆ ನೋಡಿದೆ. ಅವರು ಹೌದು ಎನ್ನುತ್ತಾರೆ, ಎಂಟು ವರ್ಷ ಕಣ್ಣಾರೆ ಕಂಡವರು ಎಂಬ ಧೈರ್ಯವಿತ್ತು.

“ನನಗ ಇದು ಗೊತ್ತಿದ್ದಿಲ್ಲ ದಾವಲಸಾಬ,” ಎಂದರು ಹಿರೇಮಠರು. ಮೇಜಿನ ಮೇಲಿನ ಕಾಗದ ಸರಿ ಮಾಡುತ್ತಾ ಇನ್ನೊಮ್ಮೆ ಅದನ್ನೇ ಹೇಳಿದರು. ಅವರಿಗೆ ನಿವೃತ್ತಿಗೆ ಎರಡು ವರ್ಷ ಇತ್ತು.

ಕಾವ್ಯಾ ಮೇಡಂ ಪರದೆಯನ್ನು ಬದಿಗೆ ಸರಿಸಿದರು. ಆಮೇಲೆ ಮೆತ್ತಗೆ ಹೇಳಿದರು: “ಸರ್, ಅವತ್ತು ಯಾಕೆ ಅಂತ ಕೇಳ್ದಾಗ ಹೇಳಿದ್ರೆ ಇದನ್ನ ಒಂದು ನಿಯಮ ಅಂತ ಬರೀತಿದ್ದೆ. ಈಗ ಬರೆದ್ರೆ ಇದು ನಿಯಮ ಆಗಲ್ಲ. ದೂರು ಆಗತ್ತೆ. ನಾಲ್ಕನೇ ಏಜೆಂಟ್ ಇದನ್ನ ಹಾಗೇ ಓದೋದು. ಯೋಚನೆ ಮಾಡಿ.”

ಆಗಲಾದರೂ ನಾನು ಸುಮ್ಮನೆ ಹೊರಗೆ ಬರಬೇಕಿತ್ತು. ಆ ಹುಡುಗಿ ನನಗೆ ದಾರಿ ಬಿಟ್ಟುಕೊಟ್ಟಿದ್ದಳು. ಆದರೆ ಸಾಹೇಬರು ಗೊತ್ತಿಲ್ಲ ಎಂದದ್ದಕ್ಕೆ ನನ್ನ ಮೈ ಉರಿಯುತ್ತಿತ್ತು. ಇಷ್ಟು ದೊಡ್ಡ ಕಂಪನಿಯಲ್ಲಿ ನಿಜ ಹೇಳಿದರೆ ಅರ್ಥಮಾಡಿಕೊಳ್ಳುವ ಒಬ್ಬ ಮನುಷ್ಯ ಮೇಲೆಲ್ಲಾದರೂ ಇದ್ದೇ ಇರುತ್ತಾನೆ ಎಂದೂ ನಂಬಿದ್ದೆ. “ಬರೀರಿ ಮೇಡಂ,” ಅಂದೆ. “ನನ್ನ ಹೆಸರಿನ್ಯಾಗ ಬರೀರಿ. ದಾವಲಸಾಬ ಅಂಜಿ ಮಾತು ನುಂಗಿದ ಅಂತ ಆಗಬಾರದು.”

ಬರೆದರು. ನಾನು ಹೊರಗೆ ಬಂದು ಶಾಂತವ್ವನಿಗೆ, ಮೇಲಕ್ಕೆ ಬರೆಸಿದ್ದೇನೆ, ಎರಡು ಮೂರು ದಿನದಲ್ಲಿ ತಿಳಿಯುತ್ತದೆ, ಚೀಲ ಮನೆಗೆ ಒಯ್ಯಿ ಎಂದೆ. ಯಲ್ಲಪ್ಪ ಚೀಲಗಳನ್ನು ಟಂಟಂ ಗಾಡಿಗೆ ಎತ್ತಿಕೊಟ್ಟ. ಹೋಗುವಾಗ ಅವಳ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಟ್ಯಾಬಿಗೆ ಒಂದು ಪಟ್ಟಿ ಬಂತು. ಹಿಂದಿನ ವರ್ಷಗಳಲ್ಲಿ ಗೇಟಿನ ಕ್ಯಾಮೆರಾ ತೆಗೆದ ಚೀಲಗಳ ಚಿತ್ರ, ತೂಕ, ಹೊತ್ತು ಎಲ್ಲವನ್ನೂ ನಾನು ಹೇಳಿದ ಮಾತಿನ ಜೊತೆ ಹೋಲಿಸಿ, ಯಾರ ಮಾಲು ಯಾರ ಮಾಲಿನೊಂದಿಗೆ ಕೂಡಿತ್ತು ಎಂದು ನಾಲ್ಕನೇ ಏಜೆಂಟ್ ಹುಡುಕಿತ್ತು. ಬೆರಳಿನಿಂದ ಮೇಲೆ ಸರಿಸಿದಷ್ಟೂ ಹೆಸರುಗಳು ಬರುತ್ತಿದ್ದವು. ಮುದುಕರು, ವಿಧವೆಯರು, ನನ್ನ ತಂಗಿಯ ಗಂಡ, ಶಾಂತವ್ವ. ಮಾಲು ಬೆರೆಸಿ ಕೊಟ್ಟ ಕಾರಣಕ್ಕೆ ಇವರನ್ನು ಮುಂದಿನ ಎರಡು ಸುಗ್ಗಿಗೆ ಖರೀದಿ ಪಟ್ಟಿಯಿಂದ ತೆಗೆಯಲಾಗುವುದು ಎಂದಿತ್ತು. ದೊಡ್ಡ ರೈತರ ಹೆಸರು ಒಂದೂ ಇರಲಿಲ್ಲ, ಅವರ ಮಾಲಿನಲ್ಲಿ ಕೊರತೆಯಿರಲಿಲ್ಲವಲ್ಲ. ಕೆಳಗೆ ಹಸಿರು ಬಣ್ಣದಲ್ಲಿ ಒಪ್ಪಿಗೆ ಎಂದಿತ್ತು. ಯಾರ್ಡಿನಲ್ಲಿ ಒಪ್ಪಿಗೆ ಒತ್ತುವ ಮನುಷ್ಯ ನಾನೊಬ್ಬನೇ.

ಒತ್ತಲಿಲ್ಲ. ತಿದ್ದಿ ಎಂಬಲ್ಲಿ ಒತ್ತಿ, ತಪ್ಪು ಇವರದಲ್ಲ, ನನ್ನದು ಎಂದು ಬರೆದೆ. ಬರೆದದ್ದು ದಾಖಲಾಗಿದೆ ಎಂದು ಬಂತು, ಪಟ್ಟಿ ಹಾಗೇ ಇತ್ತು. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಊಟಕ್ಕೆ ಏಳಲಿಲ್ಲ. ನಾನು ಒತ್ತದಿದ್ದರೆ ಅದು ಮುಂದೆ ಹೋಗುವುದಿಲ್ಲ ಎಂದೇ ತಿಳಿದಿದ್ದೆ. ಮೂರು ಗಂಟೆಯ ಸುಮಾರಿಗೆ ಹಸಿರು ತಾನಾಗಿ ಬೂದು ಬಣ್ಣಕ್ಕೆ ತಿರುಗಿತು. ನಿಗದಿತ ಸಮಯದಲ್ಲಿ ಉತ್ತರ ಬಾರದ ಕಾರಣ ಮೇಲಿನ ಹಂತಕ್ಕೆ ಕಳಿಸಲಾಗಿದೆ ಎಂದು ಬರೆದುಕೊಂಡಿತು. ಮೇಲಿನ ಹಂತದಲ್ಲಿ ಯಾರಿದ್ದಾರೆ ಎಂದು ಮೇಡಂ ಅವರನ್ನು ಕೇಳಿದೆ. ಒಬ್ಬರಿದ್ದಾರೆ ಸರ್, ಆದರೆ ಅವರಿಗೆ ದಿನಕ್ಕೆ ಇಂಥವು ಎಷ್ಟೋ ಬರುತ್ತವೆ ಎಂದರು. ನಾನು ಚಹಾ ಕುಡಿಯುತ್ತಾ ಒತ್ತುತ್ತಿದ್ದುದು ನೆನಪಾಯಿತು. ಸಂಜೆಯೊಳಗೆ ಆ ಹೆಸರುಗಳಿಗೆಲ್ಲ ಫೋನ್ ಹೋಗಿತ್ತು.

ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಯುಗಾದಿ ಆದ ಮೇಲೆ ಒಂದು ಪತ್ರ ಬಂತು. ಏಜೆಂಟಿನ ತೀರ್ಮಾನಕ್ಕೂ ನನ್ನ ತೀರ್ಮಾನಕ್ಕೂ ವ್ಯತ್ಯಾಸ ಕಾಣದ ಕಾರಣ ಕಾಯಿ ನೋಡುವ ಹುದ್ದೆ ಇನ್ನು ಅಗತ್ಯವಿಲ್ಲ, ಬೇಕಿದ್ದರೆ ಊರೂರಿನ ಡೇರಿಯಿಂದ ಪೊಟ್ಟಣ ತಂದುಕೊಡುವ ಕೆಲಸ ಮಾಡಬಹುದು ಎಂದಿತ್ತು. ಹಿರೇಮಠರು ತಾವೇ ಓದಿ ಹೇಳಿದರು, ನನಗೆ ಓದಲು ಬರುವುದಿಲ್ಲವೇನೋ ಎಂಬಂತೆ. ಪೊಟ್ಟಣ ತರುವ ಕೆಲಸ ಒಲ್ಲೆ ಎಂದು ಮೈಕು, ಟ್ಯಾಬು ಮೇಜಿನ ಮೇಲಿಟ್ಟು ಬಂದೆ. ಹಸೀನಾಳ ತವರು ಅಣ್ಣಿಗೇರಿ, ಅಲ್ಲಿಯ ಮಿಲ್ಲಿನಲ್ಲಿ ಗೇಟಿನ ಕೆಲಸ ಅವಳ ಅಣ್ಣನೇ ಹುಡುಕಿಕೊಟ್ಟ.

ಕಾವ್ಯಾ ಮೇಡಂ ಅವರನ್ನು ಬೇರೆ ರಾಜ್ಯಕ್ಕೆ ಕಳಿಸಿದರು. ಅಲ್ಲಿಂದ ಒಮ್ಮೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ಅಲ್ಲಿಯೂ ಸಣ್ಣವರ ಮಾಲು ಹಿಂದೆ ಬೀಳುತ್ತದೆಯೇ ಎಂದು ಕೇಳಿದೆ. ಎಲ್ಲ ಯಾರ್ಡಿಗೂ ಈಗೊಂದು ಹೊಸ ನಿಯಮವಿದೆ, ಇಬ್ಬರು ರೈತರ ಮಾಲು ಒಂದೇ ತಾಡಪತ್ರಿಯ ಮೇಲೆ ಬೀಳಬಾರದು ಎಂದರು. ಸ್ವಲ್ಪ ತಡೆದು, ಅದರ ಕೆಳಗೆ ಆಧಾರ ಎಂಬಲ್ಲಿ ನಿಮ್ಮ ಹೆಸರು ಇದೆ ಸರ್ ಎಂದರು. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು, ಮುಚ್ಚಿಡುವುದು ಬೇಡವೆಂದು ಹೇಳಿದ್ದು.

ಇದೆಲ್ಲ ನೆನಪಾಗಿ ಗೋಡೆಯ ಬಾಜು ನಿಂತಿದ್ದಾಗಲೇ ಒಳಗೆ ಊಟದ ಗಂಟೆ ಹೊಡೆಯಿತು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೂಗಿಗೆ ಕಟ್ಟಿದ ಬಟ್ಟೆ ಕೆಳಗೆಳೆಯುತ್ತಾ ಗೇಟಿನಿಂದ ಹೊರಗೆ ಬಂದರು. ಅವರಲ್ಲಿ ಶಾಂತವ್ವ ಇದ್ದಳು. ನನಗೆ ತಪ್ಪಿಸಿಕೊಂಡು ಹೋಗಬೇಕೆನಿಸಿತು, ಅಷ್ಟರಲ್ಲಿ ಅವಳೇ ನೋಡಿದಳು. ಅಣ್ಣಿಗೇರಿ ಹೇಗಿದೆ, ಹಸೀನಾ ಹೇಗಿದ್ದಾಳೆ ಎಂದು ಕೇಳಿದಳು. ಹೊಲ ಗೌಡರಿಗೆ ಲಾವಣಿಗೆ ಹೋಗಿದೆ ಎಂದು ತಾನಾಗಿಯೇ ಹೇಳಿದಳು. ಫೋನ್ ಬಂದ ವಾರದಲ್ಲೇ ಕೊಟ್ಟಳಂತೆ. ಎರಡು ಸುಗ್ಗಿ ಯಾರೂ ಕೊಳ್ಳದ ಕಾಯಿ ಬೆಳೆದು ಏನು ಮಾಡುವುದು?

“ಮಾಲು ಕೂಡಿಸಿ ಕೊಟ್ಟೀರಿ ಅಂತ ಆ ಫೋನಿನಾಕಿ ಅಂದ್ಲು. ನಾ ಯಾರದು ಕೂಡಿಸೀನಿ ದಾವಲಣ್ಣ? ನಾಕ ಚೀಲ ನನ್ನವ, ನಾಕೂ ನಾನ ಹೊತ್ತ ತಂದೀನಿ.”

ಅವಳು ಸೊಂಟದ ಗಂಟು ಬಿಚ್ಚಿ ಒಂದು ಕಾಯಿ ತೆಗೆದಳು. ಒಳಗೆ ಬಿಡಿಸುವಾಗ ಗುರುತು ಹಿಡಿದು ಎತ್ತಿಟ್ಟುಕೊಂಡಿದ್ದಳು. ಗಿಡ್ಡ ತೊಟ್ಟು, ಮೈಮೇಲೆ ಬಿಳಿ ಮಚ್ಚೆ.

“ನೋಡು, ನನ್ನ ಹೊಲದ್ದು. ನನಗ ಗೊತ್ತಾಗೂದಿಲ್ಲೇನು? ಗೌಡ್ರ ಕಣದಾಗ ಎಲ್ಲಾ ಹೊಲದ್ದೂ ಒಂದ ರಾಶಿ ಮಾಡಿ ತಂದಾರ. ಅದಕ್ಕ ನಿನ್ನ ಮಶೀನು ಒಂದನೇ ದರ್ಜೆ ಅಂತು. ಅದ ನೆಲ, ಅದ ಕಾಯಿ.” ಕಾಯಿಯನ್ನು ನನ್ನ ಅಂಗೈ ಮೇಲಿಟ್ಟಳು. “ಈಗರ ಹೇಳು. ನನ್ನ ಕಾಯಿ ಚಲೋ ಇದ್ವಿಲ್ಲೋ?”

ಗೌಡರ ಕಣದಲ್ಲಿ ಏನಾಗಿದೆಯೆಂದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅದೇ ನಲವತ್ತು ಚೀಲ, ಅದೇ ನಾಲ್ಕು ಚೀಲ. ಈಗ ಎಲ್ಲ ಒಂದೇ ಹೆಸರಿನಲ್ಲಿರುವುದರಿಂದ ಅದನ್ನು ಯಾರೂ ಬೆರಕೆ ಅನ್ನುವುದಿಲ್ಲ. ಕಾಯಿಯನ್ನು ಬಾಗಿಸಿದೆ. ಚರ್ಮದ ಹಾಗೆ ಬಾಗಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಚಲೋ ಇದ್ವವ್ವ,” ಅಂದೆ.

“ಮತ್ತ ಅವತ್ತ ಯಾಕ ಹೇಳಲಿಲ್ಲ?” ಎಂದು ಕೇಳಿದಳು. ನಾನು ಕಾಯಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಜೊತೆಯವರು ಗಿಡದ ನೆರಳಿನಿಂದ ಕೂಗಿದರು. ಅವಳು ರೊಟ್ಟಿಯ ಗಂಟು ಹಿಡಿದುಕೊಂಡು ಅತ್ತ ಹೋದಳು.